ಬೆನ್ನ ಮೇಲಿನ ಮಣ್ಣು

ಹೊಸ ಆಟದ ಡೆಮೊ ಆಡಿ ಬಂದವರೆಲ್ಲ ತಮ್ಮ ತಮ್ಮ ಮೊದಲ ಅನಿಸಿಕೆ ಬರೆಯುವ ಕಾಲ ಇದು. ‘ಉರಿಗೋಟೆ’ಯ ದೃಶ್ಯಗಳು ಕಣ್ಣು ಕುಕ್ಕುತ್ತವೆ ಎಂದು ಒಬ್ಬ ಬರೆದಿದ್ದಾನೆ. ಅಂಗಿ ತೊಟ್ಟು ಆಡಿದರೆ ಏಟು ಎಲುಬಿಗೇ ತಾಗುತ್ತದೆ ಎಂದು ಇನ್ನೊಬ್ಬ. ಕೋಟೆಯ ಬಾಗಿಲಲ್ಲಿ ಕಾದು ನಿಲ್ಲುವ ರಾಕ್ಷಸಿ ರಕ್ತಾಕ್ಷಿಯನ್ನು ಕೆಡವುವುದು ಹೇಗೆಂದು ಗಂಟೆಗಟ್ಟಲೆ ವಿಡಿಯೊ ಮಾಡಿದವರಿಗಂತೂ ಲೆಕ್ಕವಿಲ್ಲ. ಅವಳದು ಹುಲಿಯ ನಡಿಗೆಯಂತೆ, ಉಡದ ಹಿಡಿತವಂತೆ. ಓದಿ ನಗು ಬಂತು, ಒಂದಿಷ್ಟು ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಆ ರಕ್ತಾಕ್ಷಿ ನಾನೇ.

ಆದ್ದರಿಂದ ನನ್ನದೂ ಒಂದು ಅನಿಸಿಕೆ ಇರಲಿ. ನಾನು ದಾಕ್ಷಾಯಿಣಿ ಮುಳಗುಂದ, ಗದಗಿನ ಹೆಣ್ಣುಮಕ್ಕಳ ಕುಸ್ತಿ ಹಾಸ್ಟೆಲಿನಲ್ಲಿ ಕೋಚ್. ನಲವತ್ತು ದಾಟಿದೆ. ಎಡಗಿವಿ ಕುಸ್ತಿಯಲ್ಲಿ ಜಜ್ಜಿ ಜಜ್ಜಿ ಕಡುಬಿನಂತಾಗಿದೆ. ಚಳಿ ಬಂತೆಂದು ಎಲ್ಲರಿಗಿಂತ ಮೊದಲು ನನ್ನ ಮೊಣಕಾಲು ಹೇಳುತ್ತದೆ. ನನ್ನ ಸಿಟ್ಟು ಎಂಥದೆಂದು ಹಾಸ್ಟೆಲಿನ ಹುಡುಗಿಯರನ್ನು ಕೇಳಿದರೆ ತಿಳಿಯುತ್ತದೆ. ಈ ಬರಹವನ್ನೂ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಅಂಗಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಈಗ ಹುಬ್ಬಳ್ಳಿಯ ಓಣಿ ಓಣಿಯಲ್ಲೂ ಅಂಗಿ ತೊಟ್ಟು ಆಡುವವರಿದ್ದಾರೆ, ಆದರೆ ಅದು ಕೆಲಸ ಮಾಡುವ ಬಗೆ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಂಗಿ ಎಂದರೂ ಅದರ ಜೊತೆ ಕೈಗೂ ಕಾಲಿಗೂ ಚೀಲ, ತಲೆಗೆ ಆಟ ತೋರಿಸುವ ಟೊಪ್ಪಿಗೆ ಇರುತ್ತವೆ. ಮಿದುಳು ಸ್ನಾಯುವಿಗೆ ಒಂದು ಆಜ್ಞೆ ಕೊಟ್ಟಾಗ ಅಲ್ಲಿ ಸಣ್ಣ ವಿದ್ಯುತ್ತು ಹರಿಯುತ್ತದೆ. ಅಂಗಿಯ ಒಳಪದರದ ಎಳೆಗಳು ಅದನ್ನು ಚರ್ಮದ ಮೇಲಿಂದಲೇ ಹಿಡಿಯುತ್ತವೆ. ಹಿಂದೆ ಕ್ಯಾಮೆರಾ ಇಟ್ಟು ಚಲನೆ ಸೆರೆಹಿಡಿಯುತ್ತಿದ್ದರಲ್ಲ, ಅದಕ್ಕೆ ಕಾಣುತ್ತಿದ್ದದ್ದು ದೇಹ ಮಾಡಿದ ಕೆಲಸ ಮಾತ್ರ. ಅಂಗಿಗೆ ದೇಹ ಮಾಡಬೇಕೆಂದು ಹೊರಟು ಅರ್ಧಕ್ಕೇ ಬಿಟ್ಟದ್ದೂ ಕಾಣುತ್ತದೆ. ಹೊಡೆಯಬೇಕೆಂದು ಎದ್ದ ಕೈಯನ್ನು ನೀವೇ ತಡೆದರೆ, ಎದ್ದದ್ದೂ ತಡೆದದ್ದೂ ಎರಡೂ ಅದರಲ್ಲಿ ದಾಖಲಾಗುತ್ತವೆ. ಹೊರಪದರದಲ್ಲಿ ಸಣ್ಣ ಸಣ್ಣ ಗಾಳಿಚೀಲಗಳಿವೆ. ಆಟದಲ್ಲಿ ಯಾರಾದರೂ ನಿಮ್ಮನ್ನು ಹಿಡಿದರೆ ಅವು ಉಬ್ಬಿ ಒತ್ತುತ್ತವೆ, ಹಿಡಿತ ನಿಮಗೆ ತಾಗುತ್ತದೆ, ಒತ್ತಿದ ಕಡೆಗೆ ಮೈ ತಾನೇ ವಾಲುತ್ತದೆ.

ಹೋದ ವರ್ಷ ಹುಬ್ಬಳ್ಳಿಯ ಒಂದು ಕಂಪನಿಯವರು ನನ್ನನ್ನು ಕರೆಸಿ, ಈ ಅಂಗಿ ತೊಡಿಸಿ, ನಮ್ಮ ಹಾಸ್ಟೆಲಿನ ಹುಡುಗಿಯರ ಜೊತೆ ಕುಸ್ತಿ ಆಡಿಸಿದ್ದರು. ಅದರ ಬದಲಿಗೆ ಹಾಸ್ಟೆಲಿಗೆ ಹೊಸ ಮ್ಯಾಟು ಬಂತು. ನನ್ನ ಚಲನೆಗಳೆಲ್ಲ ಇನ್ನು ಅವರವು ಎಂದು ಸಹಿ ಹಾಕಿಸಿಕೊಂಡರು. ಒಂದು ಆಟಕ್ಕೆ ಬೇಕು ಎಂದಿದ್ದರೇ ಹೊರತು ರಾಕ್ಷಸಿ ಮಾಡುತ್ತೇವೆ ಎಂದು ಹೇಳಿರಲಿಲ್ಲ. ಹೇಳಿದ್ದರೂ ಬೇಡ ಎನ್ನುತ್ತಿರಲಿಲ್ಲ ಬಿಡಿ. ಕೆಂಪು ಕಣ್ಣು, ಕೋರೆಹಲ್ಲು ಇಟ್ಟುಕೊಳ್ಳಲಿ, ಅದರಿಂದ ನನಗೇನು ನಷ್ಟ?

ಡೆಮೊ ಹೊರಬರುವ ಸ್ವಲ್ಪ ಮೊದಲು ಕಂಪನಿಯಿಂದ ಫರ್ಹೀನ್ ಫೋನ್ ಮಾಡಿದಳು. ಇವಳು ಹಳೇ ಹುಬ್ಬಳ್ಳಿಯ ಹುಡುಗಿ, ರಕ್ತಾಕ್ಷಿಗೆ ಬುದ್ಧಿ ಕಲಿಸುವ ಎಂಜಿನಿಯರ್.

“ಅಕ್ಕಾರ, ನಿಮ್ಮ ರಕ್ತಾಕ್ಷಿಗೆ ಏನೋ ಆಗೇತ್ರಿ. ಒಂದ್ಸಲ ಬಂದು ನೋಡ್ತೀರೇನು?”

ಹೋದೆ. ಸ್ಟುಡಿಯೊದ ಕತ್ತಲೆ ಕೋಣೆಯಲ್ಲಿ ಗೋಡೆಯಗಲ ಪರದೆ, ಅದರ ಮುಂದೆ ಏಳೆಂಟು ಜನ. ಅವರ ಮುಖ್ಯಸ್ಥ ಚಿರಂತನ್ ಬೆಂಗಳೂರಿನವನು, ಮಾತು ಬಹಳ ನಯ. ಒಬ್ಬ ಹುಡುಗ ಅಂಗಿ ತೊಟ್ಟು ಆಟ ಶುರುಮಾಡಿದ. ಪರದೆಯ ಮೇಲೆ ರಕ್ತಾಕ್ಷಿ ಬಂದಳು. ಮುಖ ಬೇರೆ, ಬಣ್ಣ ಬೇರೆ, ಆದರೆ ಹೆಜ್ಜೆ ಊರುವ ಮೊದಲು ಎಡಗಾಲಿನ ಬೆರಳುಗಳಿಂದ ನೆಲವನ್ನು ಒಮ್ಮೆ ಕೆರೆಯುವುದು ನನ್ನ ಅಭ್ಯಾಸ. ಗದಗಿನ ಯಾವ ಹುಡುಗಿ ನೋಡಿದರೂ ದಾಕ್ಷಿ ಮೇಡಂ ಎಂದೇ ಹೇಳುತ್ತಾಳೆ. ಹುಡುಗನ ವೀರ ಕತ್ತಿ ಬೀಸಿದ, ಅವಳು ಒಳಗೆ ನುಗ್ಗಿ, ಹೆಗಲ ಮೇಲೆ ಹೊತ್ತು, ಅಗಸರು ಬಟ್ಟೆ ಒಗೆಯುವ ಹಾಗೆ ಕೆಡವಿದಳು. ಧೋಬಿ ಪಟ್ಟು ಎನ್ನುತ್ತೇವೆ ಅದಕ್ಕೆ. ವೀರನ ಎರಡೂ ಹೆಗಲು ನೆಲಕ್ಕೆ ತಾಗಿದವು.

ಆಮೇಲೆ ರಕ್ತಾಕ್ಷಿ ಬಗ್ಗಿದಳು. ಕೈ ಕೊಟ್ಟು ಅವನನ್ನು ಎಬ್ಬಿಸಿದಳು. ಹೆಗಲು ಹಿಡಿದು ಹಿಂದಕ್ಕೆ ತಿರುಗಿಸಿ, ಅಂಗೈಯಿಂದ ಅವನ ಬೆನ್ನು ಒರೆಸಿದಳು, ಮೇಲಿಂದ ಕೆಳಗೆ, ಮಣ್ಣು ಜಾಡಿಸಿದ ಹಾಗೆ. ಕೋಣೆಯಲ್ಲಿ ಕೆಲವರು ಕಿಸಕ್ಕೆಂದರು.

“ಇದೇ ಸಮಸ್ಯೆ ಮೇಡಂ,” ಎಂದ ಚಿರಂತನ್. “ರಾಕ್ಷಸಿ ಕೊಂದು ಹಾಕ್ಬೇಕು. ಇವಳು ನೋಡಿದ್ರೆ ಸ್ನಾನ ಮಾಡಿಸೋ ಅಜ್ಜಿ ಥರ ಆಡ್ತಾಳೆ.”

ಫರ್ಹೀನ್ ತಲೆ ತಗ್ಗಿಸಿಕೊಂಡೇ ಹೇಳಿದಳು, “ಆ ಭಾಗ ತಗದು ನೋಡಿದ್ವಿರಿ ಅಕ್ಕಾರ. ತಗದ್ರ ಆಕಿಗೆ ಎತ್ತಿ ಒಗಿಯಾಕೂ ಬರಂಗಿಲ್ಲ. ಸುಮ್ನ ಕಂಬ ನಿಂತಂಗ ನಿಂತು ಬಿಡ್ತಾಳ. ನೀವು ಎತ್ತೂವಾಗನ ನಿಮ್ಮ ಬಲಗೈ ಅವರ ಕುತಿಗಿ ಹಿಂದ ಹೋಗಾಕ ತಯಾರಾಗಿರತೈತಿ. ಎಬ್ಬಿಸೂದೂ ಒಗಿಯೂದೂ ಒಂದರಾಗ ಒಂದು ಹೆಣಕೊಂಡಾವು.”

“ಮತ್ತ? ಬಿದ್ದಾಕಿ ಕುತಿಗಿ ಮುರೀಲೇನು?” ಎಂದೆ.

“ಅಲ್ರಿ, ಇದು ಎಲ್ಲಿಂದ ಬಂತು ಅಂತ ನಮಗ ತಿಳೀವಲ್ದಾಗಿತ್ತು. ಕುಸ್ತಿ ಮುಗದ ಕೂಡ್ಲೆ ಕೈ ಎತ್ರಿ, ರೆಕಾರ್ಡಿಂಗ್ ನಿಲ್ಲಸ್ತೀವಿ ಅಂದಿದ್ವಿ.”

“ಎತ್ತಿದ್ನಲ್ಲ.”

“ನಿನ್ನೆ ಹಳೇ ವಿಡಿಯೊ ತಗದು ನೋಡಿದೆ. ಪ್ರತಿ ಸಲಾನೂ ಬೆನ್ನ ಒರಸಿದ ಮ್ಯಾಲ ಎತ್ತೀರಿ.”

“ಮತ್ತ ಯಾವಾಗ ಎತ್ತಬೇಕಿತ್ತು?” ಎಂದೆ. ನನಗೆ ನಿಜವಾಗಿಯೂ ತಿಳಿಯಲಿಲ್ಲ.

ನಮ್ಮ ವಸ್ತಾದರು, ಅಂದರೆ ನನಗೆ ಕುಸ್ತಿ ಕಲಿಸಿದ ಇಮಾಮಸಾಬರು, ಗರಡಿಯಲ್ಲಿ ಒಂದೇ ಒಂದು ಕಟ್ಟಳೆ ಇಟ್ಟಿದ್ದರು. ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ ಕೆಂಪು ಮಣ್ಣು ಅಲ್ಲಿಯದು, ಬಿದ್ದವರ ಬೆನ್ನಿಗೆ ಅಂಟಿಬಿಡುತ್ತದೆ. ತನ್ನ ಬೆನ್ನು ತನಗೆ ಎಟುಕುವುದಿಲ್ಲ. ಹಾಗಾಗಿ ಕೆಡವಿದವಳೇ ಒರೆಸಬೇಕು, ಆಮೇಲೆಯೇ ಕುಸ್ತಿ ಮುಗಿಯುವುದು. ಮ್ಯಾಟಿನ ಮೇಲೆ ಆಡುವ ಈ ಕಾಲದಲ್ಲೂ, ಮಣ್ಣೇ ಇಲ್ಲದಿದ್ದರೂ, ನಮ್ಮ ಹುಡುಗಿಯರು ಒರೆಸುತ್ತಾರೆ. ಹೆಗಲು ತಾಗಿದ ಕೂಡಲೇ ಕುಸ್ತಿ ಮುಗಿಯಿತು ಎಂದು ಕಂಪನಿಯವರು ತಿಳಿದಿದ್ದರು, ಕೈ ಎತ್ತುವವಳು ನಾನು ಬೇರೆ ತಿಳಿದಿದ್ದೆ.

ಚಿರಂತನ್ ಕುರ್ಚಿ ಎಳೆದುಕೊಂಡು ನನ್ನೆದುರು ಕೂತ. “ಮೇಡಂ, ಒಂದೇ ಒಂದು ಸಲ ಬಂದು ರೆಕಾರ್ಡ್ ಮಾಡಿಕೊಡಿ. ಬಿದ್ದವನ ಎದೆ ಮೇಲೆ ಕಾಲಿಟ್ಟು ತುಳೀಬೇಕು, ಅಷ್ಟೇ.”

“ಆಗಂಗಿಲ್ಲ.”

“ನಿಜವಾದ ಮನುಷ್ಯರಲ್ಲ ಮೇಡಂ, ಕೆಳಗೆ ದಿಂಬು ಇಟ್ಟಿರ್ತೀವಿ.”

“ದಿಂಬಿನ ಮ್ಯಾಲೂ ಆಗಂಗಿಲ್ಲ. ನನ್ನ ಕಾಲಿಗೆ ಅದು ಬರಂಗಿಲ್ಲರಿ.”

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸಲೀಸಾಗುತ್ತಿತ್ತು. “ನೋಡಿ, ನಾನು ಹತ್ತು ಆಟ ಮಾಡಿದೀನಿ. ಸೋತವನಿಗೆ ಅವಮಾನ ಆಗ್ಬೇಕು. ಅವಮಾನ ಆದ್ರೆ ಸಿಟ್ಟು ಬರತ್ತೆ, ಸಿಟ್ಟು ಬಂದ್ರೆ ಮತ್ತೆ ಆಡ್ತಾನೆ. ಕೈ ಹಿಡಿದು ಎಬ್ಬಿಸಿದ್ರೆ ಅವನು ಥ್ಯಾಂಕ್ಸ್ ಹೇಳಿ ಮನೆಗೆ ಹೋಗ್ತಾನೆ. ನೀವು ಮಾಡಿಕೊಡದಿದ್ರೂ ತೊಂದ್ರೆ ಇಲ್ಲ. ಡೆಮೊ ಬಿಟ್ಮೇಲೆ ಆಡೋರು ರಕ್ತಾಕ್ಷೀನ ಕೆಡವಿ ತುಳೀತಾರಲ್ಲ, ಅವರ ಅಂಗಿಯಿಂದ ಅವಳೇ ಕಲಿತುಕೊಳ್ತಾಳೆ.”

“ತುಳಿಯೂದು ನನ್ನ ಕಾಲು.”

“ರಕ್ತಾಕ್ಷಿ ಕಾಲು ಮೇಡಂ. ಸಹಿ ಮಾಡಿದೀರಲ್ಲ.”

ಅಲ್ಲೇ ಅವನನ್ನು ಎತ್ತಿ ಒಗೆಯಬಹುದಿತ್ತು. ಒಗೆದರೆ ಆಮೇಲೆ ಅವನ ಬೆನ್ನೂ ಒರೆಸಬೇಕಲ್ಲ ಎಂದು ಸುಮ್ಮನಾದೆ. “ನನ್ನ ಕೂಡ ನಾ ಒಮ್ಮೆ ಆಡಿ ನೋಡ್ತೀನಿ, ಅಂಗಿ ಕೊಡ್ರಿ,” ಎಂದೆ.

ಇಲ್ಲಿಂದ ನನ್ನ ಮೊದಲ ಅನಿಸಿಕೆ ಶುರು. ನೀವು ಯಾರ ಜೊತೆ ಬೇಕಾದರೂ ಕುಸ್ತಿ ಆಡಿರಬಹುದು, ನಿಮ್ಮ ಜೊತೆ ನೀವು ಆಡಿರುವುದಿಲ್ಲ. ನಾನು ಎಡಕ್ಕೆ ಹೊರಳುತ್ತೇನೆಂದು ಅವಳಿಗೆ ಗೊತ್ತು. ಅವಳು ತಲೆ ತಗ್ಗಿಸಿ ಒಳಗೆ ಬರುತ್ತಾಳೆಂದು ನನಗೂ ಗೊತ್ತು. ಆದರೆ ಅವಳಿಗೆ ಮೊಣಕಾಲು ನೋವಿಲ್ಲ. ದಮ್ಮು ಹತ್ತುವುದಿಲ್ಲ. ಇಬ್ಬರೂ ಒಂದೇ ಪಟ್ಟು ಹಾಕಿ, ಒಬ್ಬರ ಹೆಗಲ ಮೇಲೆ ಒಬ್ಬರು ಹಣೆ ಊರಿ ನಿಂತೆವು. ಅಷ್ಟರಲ್ಲಿ ನನ್ನ ಕಾಲ ಕೆಳಗಿನ ನೆಲ ಹೋಯಿತು. ಬಿದ್ದೆ. ಬೀಳುವಾಗ ಕುತ್ತಿಗೆಯ ಹಿಂದೆ ಒಂದು ಕೈ ಬಂದು ಆನಿಸಿಕೊಂಡಿತು.

ಆ ಕೈ ನನ್ನನ್ನು ಎಬ್ಬಿಸಿತು, ತಿರುಗಿಸಿತು, ಬೆನ್ನು ಒರೆಸಿತು. ಎಷ್ಟೋ ವರ್ಷಗಳಿಂದ ಈ ಕೈಯಿಂದ ಹುಡುಗಿಯರ ಬೆನ್ನು ಒರೆಸುತ್ತ ಬಂದವಳು ನಾನು. ಅದು ಅವರಿಗೆ ಹೇಗೆ ತಾಗುತ್ತದೆಂದು ಅವತ್ತಿನವರೆಗೆ ಗೊತ್ತಿರಲಿಲ್ಲ. ಒರಟು ಕೈ, ಭಾರ ಬೇರೆ. ಆದರೆ ‘ಆಯ್ತು ಬಿಡು, ನಾಳೆ ಬಾ’ ಎಂದು ಹೇಳುವ ಹಾಗಿತ್ತು. ಅಳು ಬಂತು. ಕಂಪನಿಯವರ ಮುಂದೆ ಅಳಬಾರದೆಂದು ಅಂಗಿಯ ಟೊಪ್ಪಿಗೆ ತೆಗೆಯದೆ ಹಾಗೇ ನಿಂತೆ.

ನನ್ನ ಗಂಡ ಮೌನೇಶ ಬೆಟಗೇರಿಯಲ್ಲಿ ಗಿರ್ಮಿಟ್ ಅಂಗಡಿ ಇಟ್ಟಿದ್ದಾನೆ. ಸಂಜೆ ಅವನು ಚುರುಮುರಿಗೆ ಈರುಳ್ಳಿ ಹೆಚ್ಚುವಾಗ ಎಲ್ಲ ಹೇಳಿದೆ.

“ಅದು ಗೊಂಬಿ ದಾಕ್ಷಿ,” ಎಂದ. “ಗೊಂಬಿ ಗೊಂಬೀನ ತುಳದ್ರ ನಿನಗ್ಯಾಕ ನೋವು?”

ಅತ್ತೆ ನೀಲವ್ವ ಹಿಂದಿನ ಕಟ್ಟೆಯ ಮೇಲೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅವರು ನನ್ನ ಪರ ಮಾತಾಡುವುದು ಅಪರೂಪ. “ಲೇ, ನಿನ್ನ ಹೆಸರಿನ ಬೋರ್ಡ್ ಹಾಕಿ ಯಾವನರ ಹಳಸಿದ ಗಿರ್ಮಿಟ್ ಮಾರಿದ್ರ ನಿನಗ ನಡೀತೈತೇನು?” ಎಂದರು. ಮೌನೇಶ ಈರುಳ್ಳಿಯ ಕಡೆ ತಿರುಗಿದ.

ಡೆಮೊ ಹೊರಬಂತು. ಊರೆಲ್ಲ ಅದೇ ಮಾತು. ಚಿರಂತನ್ ಹೇಳಿದ ಹಾಗೆಯೇ ಆಯಿತು. ಆಡುವವರು ರಕ್ತಾಕ್ಷಿಯನ್ನು ಕೆಡವಿದರೆ ‘ತುಳಿ’ ಎಂಬ ಕೆಂಪು ಗುಂಡಿ ಹೊತ್ತಿಕೊಳ್ಳುತ್ತಿತ್ತು. ತುಳಿದರೆ ಢಂ ಎಂಬ ಸದ್ದು, ಕಿಡಿ, ಹೆಚ್ಚಿನ ಅಂಕ. ಸಾವಿರಾರು ಜನ ತುಳಿದರು, ರಕ್ತಾಕ್ಷಿ ಕಲಿತಳು. ಒಮ್ಮೆಲೇ ಕಿತ್ತಾಗ ಆಗದ್ದು ಹೀಗೆ ಚೂರು ಚೂರಾಗಿ ಆಯಿತು. ಮೊದಮೊದಲು ಬೆನ್ನು ಒರೆಸುವುದು ಬಿಟ್ಟಳು, ಆಮೇಲೆ ಕೈ ಕೊಡುವುದು ಬಿಟ್ಟಳು. ಆಮೇಲೆ ಒಂದು ದಿನ ಎಡಗಾಲಿನ ಬೆರಳುಗಳಿಂದ ನೆಲ ಕೆರೆದು, ಆ ಕಾಲನ್ನೇ ಎತ್ತಿ ಬಿದ್ದವನ ಎದೆಯ ಮೇಲಿಟ್ಟಳು. ಆ ವಿಡಿಯೊ ಗದಗಿನ ಎಲ್ಲರ ಫೋನಿನಲ್ಲೂ ಬಂತು.

ಅದನ್ನೂ ನುಂಗಿಕೊಂಡಿರುತ್ತಿದ್ದೆನೋ ಏನೋ. ಮರುದಿನ ಬೆಳಗಿನ ತಾಲೀಮಿನಲ್ಲಿ ನಮ್ಮ ಭುವನಾ ತನ್ನ ಜೊತೆಗಾತಿಯನ್ನು ಚಿತ್ ಮಾಡಿದಳು. ಒಳ್ಳೆಯ ಹುಡುಗಿ, ಮುಂದಿನ ವರ್ಷ ರಾಜ್ಯ ಮಟ್ಟಕ್ಕೆ ಹೋಗುವವಳು. ಚಿತ್ ಮಾಡಿ, ತಮಾಷೆಗೆಂದು, ಎಡಗಾಲಿನಿಂದ ನೆಲ ಕೆರೆದು ಅವಳ ಎದೆಯ ಮೇಲೆ ಕಾಲು ಎತ್ತಿ ಹಿಡಿದಳು. ಸುತ್ತ ನಿಂತವರೆಲ್ಲ ನಕ್ಕರು. ಕೆಳಗೆ ಬಿದ್ದವಳೂ ನಕ್ಕಳು, ಆದರೆ ನಗುತ್ತಲೇ ಎರಡೂ ಕೈ ಎದೆಗೆ ಅಡ್ಡ ಹಿಡಿದುಕೊಂಡಳು.

“ಯಾರು ಕಲಿಸಿದ್ರು ಇದನ್ನ?” ಎಂದು ಗುಡುಗಿದೆ.

ಭುವನಾ ಕಾಲು ಇಳಿಸಿದಳು. “ನೀವ ಮೇಡಂ,” ಎಂದುಬಿಟ್ಟು ತುಟಿ ಕಚ್ಚಿಕೊಂಡಳು.

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ನಾನು ಮಾಡದೇ ಇದ್ದದ್ದನ್ನು ನನ್ನ ಮೈಯಿಂದಲೇ ಮಾಡಿಸಿ, ನನ್ನ ಹುಡುಗಿಯರಿಗೇ ಕಲಿಸಿದ್ದರು. ಆವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ.

ಫರ್ಹೀನಳಿಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಎಲ್ಲ ಕೇಳಿಸಿಕೊಂಡು ದನಿ ತಗ್ಗಿಸಿದಳು.

“ಒಂದು ಮಾತು ಹೇಳ್ತೀನ್ರಿ ಅಕ್ಕಾರ, ಸದ್ಯಕ್ಕ ಯಾರಿಗೂ ಹೇಳಬ್ಯಾಡ್ರಿ. ರಕ್ತಾಕ್ಷಿ ಮೈ ನಿಮ್ಮದು. ಬ್ಯಾರೇಯವರು ತುಳದಾಗ ಅದನ್ನ ಆಕಿ ಮೈಗೆ ಹೊಂದಿಸಿಕೋಬೇಕಾಗತೈತಿ. ಅರ್ಧಾ ಸೋರಿ ಹೋಗತೈತಿ. ಅದಕ್ಕ ಸಾವಿರಗಟ್ಟಲೆ ಜನ ತುಳೀಬೇಕಾತು. ನಿಮ್ಮ ಅಂಗಿಯಿಂದ ಹೋದದ್ದು ಹಂಗಲ್ಲ, ಸೀದಾ ಹೋಗಿ ಕೂಡತೈತಿ. ನೀವು ಆಡೂ ಒಂದು ಕುಸ್ತಿ ಸಾವಿರ ಮಂದಿ ಆಡಿದ್ದಕ್ಕ ಸಮ. ಮತ್ತ ಎಲ್ಲಾರ ಮನ್ಯಾಗಿರೂ ರಕ್ತಾಕ್ಷಿ ಒಬ್ಬಾಕಿನ. ಇಲ್ಲಿ ಕಲ್ತದ್ದು ಎಲ್ಲಾ ಕಡೆ ಹೋಗತೈತಿ.”

“ಅಂದ್ರ ಆಕಿಗೆ ನಾ ಮತ್ತ ಕಲಿಸಬಹುದು?”

“ನೀವು ಕೋಚ್ ಅಲ್ಲೇನ್ರಿ?” ಎಂದಳು.

ಕೆಟ್ಟ ಚಾಳಿ ಕಲಿತು ಬಂದ ಹುಡುಗಿಯನ್ನು ನಾನು ಯಾವತ್ತೂ ಹಾಸ್ಟೆಲಿನಿಂದ ಹೊರಗೆ ಹಾಕಿದವಳಲ್ಲ. ಮ್ಯಾಟಿಗೆ ಇಳಿಸಿ, ಮತ್ತೆ ಮೊದಲಿನಿಂದ ಶುರುಮಾಡಿಸುತ್ತೇನೆ. ಇವಳೂ ಒಬ್ಬಳು ಹಟಮಾರಿ ಹುಡುಗಿ ಅಂದುಕೊಂಡೆ. ಹಾಸ್ಟೆಲಿಗೆ ಒಂದು ಅಂಗಿ ತರಿಸಿದೆ, ಹುಡುಗಿಯರು ಅದರಲ್ಲಿ ಸರದಿಯ ಮೇಲೆ ಆಡತೊಡಗಿದರು. ‘ತುಳಿ’ ಗುಂಡಿ ಹೊತ್ತಿಕೊಂಡರೂ ಒತ್ತದೆ, ಬಗ್ಗಿ ರಕ್ತಾಕ್ಷಿಯನ್ನು ಎಬ್ಬಿಸಿ ಬೆನ್ನು ಒರೆಸಿದರು. ಅದಕ್ಕೆ ಅಂಕವಿಲ್ಲ, ಆದರೆ ಬೇಡ ಎನ್ನುವವರೂ ಇಲ್ಲ, ಅಂಗಿಯೊಳಗಿನ ಕೈ ನಮ್ಮದೇ ಅಲ್ಲವೇ. ಎಲ್ಲರಿಗಿಂತ ಹೆಚ್ಚು ಆಡಿದವಳು ಭುವನಾ. ಮನೆಗೊಂದು ಹಳೆಯ ಅಂಗಿ ತಂದಿಟ್ಟಿದ್ದೆ. ಅತ್ತೆ ಅದನ್ನು ಸೀರೆಯ ಮೇಲೆಯೇ ತೊಟ್ಟುಕೊಂಡು, ಕುರ್ಚಿಯಲ್ಲಿ ಕೂತು, ದಿನಾ ಹೋಗಿ ರಕ್ತಾಕ್ಷಿಯ ಕೈಯಲ್ಲಿ ಬೀಳುತ್ತಿದ್ದರು. ಸೀರೆಯ ಅಡ್ಡದಿಂದ ಅಂಗಿಗೆ ಅವರ ಮೈ ಸರಿಯಾಗಿ ಸಿಗುತ್ತಿರಲಿಲ್ಲ, ಗೆಲ್ಲುವ ಮಾತಂತೂ ದೂರ.

“ನೀವ್ಯಾಕ ಬೀಳ್ತೀರಿ ಅತ್ತಿ?” ಎಂದೆ ಒಮ್ಮೆ.

“ಆಕಿ ಎಬ್ಬಿಸೂದು ಕಲೀಬೇಕಂದ್ರ ಯಾರರ ಬೀಳಾಕ ಬೇಕಲ್ಲವಾ?” ಎಂದರು.

ಆದರೂ ತುಳಿಯುವವರು ಹೆಚ್ಚು, ನಾವು ಕಡಿಮೆ. ಅಷ್ಟರಲ್ಲಿ ಚಿರಂತನ್ ತಾನಾಗಿಯೇ ಫೋನ್ ಮಾಡಿದ. ಹುಬ್ಬಳ್ಳಿಯಲ್ಲಿ ದೊಡ್ಡ ಸಭಾಂಗಣದಲ್ಲಿ ಡೆಮೊ ಕಾರ್ಯಕ್ರಮವಂತೆ, ವೇದಿಕೆಯ ಮೇಲೆ ನಿಜವಾದ ರಕ್ತಾಕ್ಷಿ ಆಟದ ರಕ್ತಾಕ್ಷಿಯ ಜೊತೆ ಆಡಿದರೆ ಜನ ಹುಚ್ಚೆದ್ದು ಹೋಗುತ್ತಾರಂತೆ. ನಾನು ಒಂದು ಮಾತೂ ಎದುರಾಡದೆ ಒಪ್ಪಿಕೊಂಡೆ. ದಾರಿಗೆ ಬಂದಳು ಎಂದುಕೊಂಡಿರಬೇಕು, ಬಹಳ ಖುಷಿಪಟ್ಟ.

ಸಭಾಂಗಣ ತುಂಬಿ ತುಳುಕುತ್ತಿತ್ತು. ವೇದಿಕೆಯ ಮೇಲೆ ಮ್ಯಾಟು, ಹಿಂದೆ ಆನೆ ಗಾತ್ರದ ಪರದೆ. ಪಕ್ಕದಲ್ಲಿ ಮೇಜು ಹಾಕಿಕೊಂಡು ಫರ್ಹೀನ್ ಕೂತಿದ್ದಳು, ನನ್ನ ಕಡೆ ನೋಡಲಿಲ್ಲ. ಮೌನೇಶ ಅಂಗಡಿ ಮುಚ್ಚಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಚಿರಂತನ್ ಮೈಕು ಹಿಡಿದು ನನ್ನ ಹೆಸರು ಕೂಗಿದ. ಶಿಳ್ಳೆ ಬಿತ್ತು.

ಮೊದಲ ಕುಸ್ತಿಯಲ್ಲಿ ನನ್ನನ್ನು ಎತ್ತಿ ಕೆಡವಿದಳು. ಕುತ್ತಿಗೆಯ ಹಿಂದೆ ಕೈ ಬರಲಿಲ್ಲ. ಅವಳ ಕಾಲು ಮೇಲೇರಿತು, ನನ್ನ ಎದೆಯ ಮೇಲೆ ಇಳಿಯಿತು. ಗಾಳಿಚೀಲಗಳು ಬಿರುಸಾಗಿ ಒತ್ತಿದವು, ಉಸಿರು ಸಿಕ್ಕಿಕೊಂಡಿತು. ನನ್ನದೇ ಹಿಮ್ಮಡಿ. ಈ ಹಿಮ್ಮಡಿಯಿಂದ ನಾನು ಯಾರನ್ನೂ ತುಳಿದಿರಲಿಲ್ಲ. ಇದು ಇಷ್ಟು ಚೆನ್ನಾಗಿ ತುಳಿಯಬಲ್ಲದು ಎಂದು ತಿಳಿದು ನಾಚಿಕೆಯಾಯಿತು. ಜನ ಹೋ ಎಂದರು.

ಎದ್ದೆ. ಎರಡನೆಯ ಸಲ ನಾನು ಕೆಡವಿದೆ. ಬಲಗಾಲಿನ ಮೊಣಕಾಲಿಗೆ ನೋವಿರುವವಳು ಮಾಡದ ಪಟ್ಟೊಂದನ್ನು ಹಾಕಿದೆ, ಅವಳಿಗೆ ಅದು ಗೊತ್ತಿರಲಿಲ್ಲ. ಅವಳು ಬಿದ್ದ ಕೂಡಲೇ ಕೆಂಪು ಗುಂಡಿ ಹೊತ್ತಿಕೊಂಡಿತು. “ತುಳಿ! ತುಳಿ!” ಎಂದು ಸಭೆಯೆಲ್ಲ ಒಂದೇ ಸಮನೆ ಕೂಗಿತು. ನಾನು ಬಗ್ಗಿ, ಕೈ ಕೊಟ್ಟು, ಎಬ್ಬಿಸಿ, ಅವಳ ಬೆನ್ನು ಒರೆಸಿದೆ. ಕೆಲವರು ನಕ್ಕರು, ಕೆಲವರು ಬೂ ಎಂದು ಛೇಡಿಸಿದರು.

ಮತ್ತೆ ಆಡಿದೆ. ತುಳಿಸಿಕೊಂಡೆ. ಮತ್ತೆ ಆಡಿದೆ, ಕೆಡವಿದೆ, ಒರೆಸಿದೆ. ಚಿರಂತನ್ ಹತ್ತಿರ ಬಂದು ಮೈಕು ಮುಚ್ಚಿ, “ಸಾಕು ಮೇಡಂ, ಮುಂದಿನವರಿಗೆ ಬಿಡಿ,” ಎಂದ.

“ಇನ್ನೂ ಕುಸ್ತಿ ಮುಗದಿಲ್ರಿ,” ಎಂದೆ.

ಮೊಣಕಾಲು ಊದುತ್ತಿತ್ತು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಬಿದ್ದಷ್ಟೂ ಸಲ ಎದ್ದೆ. ಕೆಡವಿದಾಗೆಲ್ಲ ಒರೆಸಿದೆ, ಒಂದು ಸಲವೂ ಬಿಡಲಿಲ್ಲ, ಅವಸರ ಮಾಡಲಿಲ್ಲ. ನಗುತ್ತಿದ್ದ ಜನ ಕ್ರಮೇಣ ಸುಮ್ಮನಾದರು. ಯಾರೋ ಮತ್ತೆ “ತುಳಿ” ಎಂದಾಗ ಹಿಂದಿನಿಂದ ಒಬ್ಬ ಹೆಂಗಸು, “ಬಾಯ್ಮುಚ್ಚಲೇ, ಆಕಿ ಕಲಿಸಾಕತ್ತಾಳ!” ಎಂದು ಗದರಿದಳು. ಚಿರಂತನ್ ಫರ್ಹೀನಳಿಗೆ ಕೈಸನ್ನೆ ಮಾಡಿದ. ಅವಳು ಪರದೆ ನೋಡುತ್ತಲೇ ಇದ್ದಳು, ಸನ್ನೆ ಕಾಣದವಳ ಹಾಗೆ.

ಕೊನೆಯ ಸಲ ಅವಳು ನನ್ನನ್ನು ಹೆಗಲ ಮೇಲೆ ಹೊತ್ತಾಗ ತಡೆಯಲು ನನ್ನಲ್ಲಿ ಬಲ ಉಳಿದಿರಲಿಲ್ಲ. ಬಿದ್ದೆ. ಅವಳು ಎಡಗಾಲಿನಿಂದ ನೆಲ ಕೆರೆದಳು, ಕಾಲು ಎತ್ತಿದಳು. ಎದೆಗೆ ಅಡ್ಡ ಕೈ ಹಿಡಿಯಲಿಲ್ಲ ನಾನು. ಗರಡಿಯಲ್ಲಿ ಬಿದ್ದವಳು ಕೈ ಮೇಲೆ ಚಾಚುತ್ತಾಳೆ, ಎಬ್ಬಿಸುತ್ತಾರೆ ಎಂದು ಗೊತ್ತಿರುವುದರಿಂದ. ಹಾಗೇ ಚಾಚಿದೆ.

ಕಾಲು ನನ್ನ ಎದೆಗೆ ಗೇಣು ದೂರದಲ್ಲಿ ನಿಂತಿತು. ಅಂಗಿಯ ಗಾಳಿಚೀಲಗಳು ಉಬ್ಬಿ, ಇಳಿದು, ಮತ್ತೆ ಉಬ್ಬಿ ನಡುಗಿದವು. ಒಂದು ಕಡೆ ತುಳಿ ಎಂಬ ಆಜ್ಞೆ, ಇನ್ನೊಂದು ಕಡೆ ಬೇಡ ಎಂಬುದು, ಎರಡೂ ಒಟ್ಟಿಗೆ ಅವಳ ತೊಡೆಯಲ್ಲಿ ಹರಿಯುತ್ತಿದ್ದವು. ಆಮೇಲೆ ಆ ಕಾಲು ಪಕ್ಕಕ್ಕೆ ಸರಿದು, ನನ್ನ ಕಿವಿಯ ಬಳಿ ನೆಲಕ್ಕೆ ಇಳಿಯಿತು. ರಕ್ತಾಕ್ಷಿ ಬಗ್ಗಿದಳು. ಅವಳ ಕೈ ನನ್ನ ಕೈಯ ಕಡೆಗೆ ಬಂತು.

ಪರದೆ ಕಪ್ಪಾಯಿತು. ಅಂಗಿ ಸಪ್ಪೆಯಾಗಿ ಮೈಗೆ ಜೋತುಬಿತ್ತು. ಚಿರಂತನ್ ತಾನೇ ಹೋಗಿ ವೇದಿಕೆಯ ವಿದ್ಯುತ್ತು ಕಿತ್ತಿದ್ದ. “ಸಣ್ಣ ತಾಂತ್ರಿಕ ತೊಂದರೆ,” ಎಂದು ಮೈಕಿಲ್ಲದೆ ಕೂಗುತ್ತಿದ್ದ. ಜನ ಎದ್ದು ನಿಂತು ಗಲಾಟೆ ಮಾಡತೊಡಗಿದರು. ನಾನು ಕೈ ಚಾಚಿಕೊಂಡೇ ಮಲಗಿದ್ದೆ, ಏಳಲು ಮೊಣಕಾಲು ಒಪ್ಪುತ್ತಿರಲಿಲ್ಲ.

ಯಾರೋ ಬಂದು ನನ್ನ ಕೈ ಹಿಡಿದರು. ಫರ್ಹೀನ್. ತೆಳ್ಳಗಿನ ಹುಡುಗಿ, ನನ್ನನ್ನು ಎಬ್ಬಿಸುವಷ್ಟರಲ್ಲಿ ತಾನೇ ಬೀಳುವಂತಾದಳು. ಎಬ್ಬಿಸಿ, ಹೆಗಲು ಹಿಡಿದು ತಿರುಗಿಸಿ, ಅಷ್ಟು ಜನರ ಮುಂದೆ, ತನ್ನ ಮುಖ್ಯಸ್ಥನ ಮುಂದೆ, ನನ್ನ ಬೆನ್ನು ಒರೆಸಿದಳು. ಹೊಸ ಮ್ಯಾಟು, ಒರೆಸಲು ಮಣ್ಣೇ ಇರಲಿಲ್ಲ. ಆದರೂ ಮೇಲಿಂದ ಕೆಳಗಿನವರೆಗೆ ಒರೆಸಿದಳು. ಮುಂದಿನ ಸಾಲಿನಲ್ಲಿ ಮೌನೇಶ ಕಣ್ಣೊರೆಸಿಕೊಳ್ಳುತ್ತಿದ್ದ. ಆಮೇಲೆ ಕೇಳಿದರೆ ಬೆಳಿಗ್ಗೆ ಹೆಚ್ಚಿದ ಈರುಳ್ಳಿ ಎಂದ.

ಚಿರಂತನ್ ನಮ್ಮ ಹತ್ತಿರ ಬಂದ. ಈಗ ಅವನಿಗೂ ಸಿಟ್ಟು ಬಂದಿತ್ತು, ನನಗೆ ಸಮಾಧಾನವಾಯಿತು.

“ನಿನ್ನೆಯ ಪ್ರತಿಗೆ ವಾಪಸ್ ತಗೊಂಡು ಹೋಗ್ತೀನಿ ಅವಳನ್ನ. ಇವತ್ತಿಂದೆಲ್ಲ ಅಳಿಸಿ ಹಾಕ್ತೀನಿ,” ಎಂದ.

“ಅಳಸ್ರಿ,” ಎಂದೆ. “ನಾಳೆ ಬಂದು ಮತ್ತ ಕಲಿಸ್ತೀನಿ. ಡೆಮೊ ಅಂದ್ರ ಎಲ್ಲಾರಿಗೂ ಪುಕ್ಕಟೆ ಅಲ್ಲೇನ್ರಿ? ನನಗ ಬ್ಯಾಡ ಅಂದ್ರ ನಮ್ಮ ಹುಡುಗ್ಯಾರು ಅದಾರ. ಸೋತವರು ಸಿಟ್ಟಿಗೆ ಮತ್ತ ಬರ್ತಾರ ಅಂದ್ರಲ್ಲ, ಎಷ್ಟ್ ದಿನಾ ಬರ್ತಾರ? ನಾ ಮೊದಲನೇ ವರ್ಷ ದಿನಾ ಸೋತೆ. ದಿನಾ ಹೋದೆ. ಯಾರೋ ಒಬ್ಬರು ಬೆನ್ನ ಒರಸ್ತಿದ್ರು, ಅದಕ್ಕ ಹೋದೆ.”

ಅ‌ವನು ಏನೋ ಹೇಳಲು ಹೊರಟವನು ತಡೆದುಕೊಂಡ. ಅಂಗಿ ತೊಟ್ಟಿದ್ದರೆ ಏನೆಂದು ದಾಖಲಾಗುತ್ತಿತ್ತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದಾಗ ಫೋನ್ ಹೊಡೆದುಕೊಂಡಿತು. ಮನೆಯಿಂದ ಅತ್ತೆ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ದಾಕ್ಷೀ! ಎಬ್ಬಿಸಿದ್ಳವಾ ನನ್ನ! ಈಗ, ಇದ... ಇದ ಗಳಿಗ್ಯಾಗ! ಕಾಲ ಎತ್ತಿದ್ಳು, ಆಮ್ಯಾಲ ಏನಾತೋ ಏನೋ, ಬಗ್ಗಿ ಕೈ ಕೊಟ್ಳು!” ಎಂದರು. ಆಮೇಲೆ ದನಿ ಇಳಿಸಿ, ಸೊಸೆಯ ತಪ್ಪು ಹಿಡಿಯುವಾಗಿನ ಅದೇ ರಾಗದಲ್ಲಿ, “ಆದ್ರ ಬೆನ್ನ ಒರಸೂದು ಮರ್ತಾಳ ನೋಡು,” ಎಂದರು.

“ಹೊಸಾಕಿ ಅಲ್ಲೇನ್ರಿ ಅತ್ತಿ, ಮೊದಲ ಎಲ್ಲಾರೂ ಮರೀತಾರ,” ಎಂದೆ. “ನಾಳೆ ಮತ್ತ ಬೀಳ್ರಿ.”